ಮಾಲೀಕನ ಸಂಬಳ

"ಅಪ್ಪ ಬೆಳಿಗ್ಗೆ ಎಷ್ಟೊತ್ತಿಗೆ ಹೋಗ್ತಿದ್ರು?" ಕೃತಿ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಕೇಳಿದಳು.

"ನಾಲ್ಕಕ್ಕೆ. ಯಾಕೆ?" ಮೇಜಿನಾಚೆ ಉದ್ದಿನಬೇಳೆ ಆರಿಸುತ್ತಿದ್ದ ಅನಸೂಯ ಕೇಳಿದಳು.

"ಒಂದು ಲೆಕ್ಕ ಬಿಟ್ಟೋಗಿದೆ."

ಜಯರಾಮ ತೀರಿಕೊಂಡು ಮೂರು ತಿಂಗಳಾಗಿತ್ತು. ಕ್ಲಾಂಡಾಲ್ಕಿನ್ನಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವನು ಹದಿನಾಲ್ಕು ವರ್ಷ ನಡೆಸಿದ ದೋಸೆಹಿಟ್ಟಿನ ವ್ಯಾಪಾರವನ್ನು ಸೋರ್ಡ್ಸ್ ಪಟ್ಟಣದ ಗುರುಪ್ರಸಾದ ಹನ್ನೆರಡು ಸಾವಿರ ಯೂರೋಗೆ ಕೇಳಿದ್ದ. ಅನಸೂಯಳ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಈ ಪರದೇಶದ ಊರಿನ ಅರ್ಧ ಕನ್ನಡಿಗರ ಕಾವಲಿಯ ಮೇಲೆ ಹುಯ್ಯುವುದು ತನ್ನ ಗಂಡನ ಹಿಟ್ಟು, ಅದಕ್ಕೆ ಹಳೇ ಕಾರಿನ ಬೆಲೆಯೇ? ಮಗಳು ಕಾಲೇಜಿನಲ್ಲಿ ಕಲಿಯುತ್ತಿದ್ದುದೂ ವ್ಯಾಪಾರಕ್ಕೆ ಬೆಲೆ ಕಟ್ಟುವ ವಿದ್ಯೆಯನ್ನೇ. "ಸರಿಯಾದ ಬೆಲೆ ನೀನು ತೆಗಿ. ಶನಿವಾರ ಅವರು ಬಂದಾಗ ಮುಂದಿಡ್ತೀನಿ" ಅಂದಿದ್ದಳು.

ಕೃತಿ ಕಲಿತ ಮೂರು ದಾರಿಯಲ್ಲೂ ಅಳೆದೂ ಸುರಿದೂ ನೋಡಿದ್ದಳು. ಗ್ರೈಂಡರು, ಕೋಲ್ಡ್ ರೂಮು, ವ್ಯಾನು ಮಾರಿದರೆ ಹನ್ನೊಂದು ಸಾವಿರ. ಇಂಥದೇ ವ್ಯಾಪಾರ ಎಷ್ಟಕ್ಕೆ ಮಾರಾಟವಾಯಿತೆಂದು ಹೋಲಿಸೋಣವೆಂದರೆ ಇಂಥದು ಇನ್ನೊಂದಿರಲಿಲ್ಲ. ಮುಂದೆ ಬರುವ ಲಾಭವನ್ನು ಇವತ್ತಿನ ಬೆಲೆಗೆ ಇಳಿಸಿದಾಗ ಮಾತ್ರ ಒಂದೂವರೆ ಲಕ್ಷ ಬಂತು. ನಿನ್ನೆ ಅದನ್ನು ಕೇಳಿದ ಅನಸೂಯ ಗಂಡನ ಫೋಟೋದ ಮುಂದೆ ತುಪ್ಪದ ದೀಪ ಹಚ್ಚಿದ್ದಳು.

ಇವತ್ತು ಪಾಠ ಮತ್ತೆ ತಿರುವುವಾಗ ಕೃತಿಯ ಕಣ್ಣಿಗೆ ಒಂದು ಸಾಲು ಬಿತ್ತು. ಮನೆಮಂದಿಯೇ ನಡೆಸುವ ಅಂಗಡಿಯಲ್ಲಿ ಮಾಲೀಕನೂ ಮನೆಯವರೂ ಸಂಬಳ ತೆಗೆದುಕೊಂಡಿರುವುದಿಲ್ಲ. ಅವರ ಜಾಗಕ್ಕೆ ಆಳಿಟ್ಟರೆ ಏನು ಕೊಡಬೇಕೋ ಅಷ್ಟನ್ನು ಕಳೆದು ಉಳಿದದ್ದೇ ಲಾಭ.

"ವಾಪಸ್ ಬರ್ತಿದ್ದಿದ್ದು?"

"ಆರಕ್ಕೆ. ಭಾನುವಾರ ಮಾತ್ರ ಮಧ್ಯಾಹ್ನಕ್ಕೇ ಬಂದ್ಬಿಡೋರು." ಅನಸೂಯಳ ದನಿಗೆ ಹುರುಪು ಬಂತು. ಗಂಡ ದುಡಿದಷ್ಟೂ ಬೆಲೆ ಏರುತ್ತದೆಂದು ಅವಳ ಲೆಕ್ಕ. "ಬರ್ಕೋ, ಬ್ಯಾಂಕ್ ಹಾಲಿಡೇನೂ ಬಿಡ್ತಿರ್ಲಿಲ್ಲ. ಜ್ವರ ಬಂದಾಗ್ಲೂ ಹೋಗಿದಾರೆ. ಎಲ್ಲಾ ಸೇರ್ಸು."

ಕೃತಿ ಸೇರಿಸಿದಳು. ವಾರಕ್ಕೆ ತೊಂಬತ್ತೆರಡು ಗಂಟೆ. ಅದಕ್ಕೆ ಕೂಲಿ ಹಾಕಿದ್ದೇ ತಡ, ಲಾಭವೆಲ್ಲ ಕರಗಿ ಸಂಖ್ಯೆ ಕೆಂಪಾಗಿ ನಷ್ಟ ತೋರಿಸಿತು. ಉಳಿದದ್ದು ಸಾಮಾನಿನ ಹನ್ನೊಂದು ಸಾವಿರ ಮಾತ್ರ. ಸ್ಕೂಲಿನ ಯಾವ ಕಾರ್ಯಕ್ರಮಕ್ಕೂ ಬಾರದ ಅಪ್ಪನ ಮೇಲೆ ಅವಳಿಗಿದ್ದ ಹಳೇ ಸಿಟ್ಟು ಈಗ ತನ್ನ ಮೇಲೇ ತಿರುಗಿತು.

"ಎಷ್ಟಾಯ್ತು?"

ಕೃತಿ ಪರದೆಯನ್ನು ಸ್ವಲ್ಪ ತನ್ನ ಕಡೆಗೇ ತಿರುಗಿಸಿಕೊಂಡಳು. ಅನಸೂಯ ಅವಳ ಮುಖವನ್ನೇ ನೋಡಿದಳು.

"ಗುರುಪ್ರಸಾದ್ ಅವರು ಹೇಳಿದ್ದೇ ಸರಿನಾ?"

"ಹೂಂ. ಒಂದು ಸಾವಿರ ಜಾಸ್ತೀನೇ ಹೇಳಿದಾರೆ." ಕೃತಿ ಕಣ್ಣೊರೆಸಿಕೊಂಡಳು. ಪಾಠದ ಸಾಲಿನಲ್ಲಿ ಮಾಲೀಕನ ಜೊತೆ ಮನೆಯವರೂ ಇದ್ದರು. "ಅಮ್ಮಾ, ನಿಂದೆಷ್ಟು ಗಂಟೆ?"

"ನಂದೇನು? ನಾನು ಸುಮ್ನೆ ಜೊತೇಗ್ ಹೋಗ್ತಿದ್ದೆ."

ಅವಳು ಎದ್ದು ಬೇಳೆಯನ್ನು ದೊಡ್ಡ ಡಬರಿಗೆ ಸುರಿದು ನಲ್ಲಿ ತಿರುಗಿಸಿದಳು. ನಾಳೆ ಶುಕ್ರವಾರ, ಗಂಡನಿಲ್ಲದಿದ್ದರೂ ಅಂಗಡಿಗಳಿಗೆ ಹಿಟ್ಟು ಹೋಗಬೇಕು. ನೀರು ಸಾಕೋ ಎಂದು ಎಂದಿನಂತೆ ಬೆರಳದ್ದಿ ನೋಡಿದಳು. ಹದಿನಾಲ್ಕು ವರ್ಷದ ತನ್ನ ಗಂಟೆಗಳನ್ನು ಎಣಿಸುತ್ತ, ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.