ಜಾಯಿನ್ ಕೇಳಿದರೆ ಇಂಟರ್‌ಟ್ವೈನ್ ಬರೆದವಳು

ಎಲ್ಲಿಂದ ಶುರು ಮಾಡಲಿ? ಟೀಚರ್ ನಕ್ಕಿದ್ದರಿಂದ ಶುರು ಮಾಡಿದರೆ ಮೊದಲ ಸಾಲಿಗೇ ನಿಮಗೆ ಆಕೆ ಬೇಡವಾಗುತ್ತಾಳೆ. ಆಕೆಯ ಒಳ್ಳೆಯತನದಿಂದ ಶುರು ಮಾಡಿದರೆ ನಾನು ವಕಾಲತ್ತು ವಹಿಸಿದಂತಾಗುತ್ತದೆ. ನಿನ್ನೆಯಿಂದ ಮೂರು ಆರಂಭ ಹರಿದು ಹಾಕಿದ್ದೇನೆ. ಒಂದರಲ್ಲಿ ಸೂರ್ಯಾಸ್ತ ಕೂಡ ಇತ್ತು. (ನಾಚಿಕೆಯ ಕಥೆಗೆ ಸೂರ್ಯಾಸ್ತ ಯಾಕೆ? ಮುಖ ಕೆಂಪಾದದ್ದನ್ನು ಆಕಾಶದ ತಲೆಗೆ ಕಟ್ಟುವುದಕ್ಕೆ.)

೧

ಕೋಣೆಯಿಂದಲೇ ಶುರುವಾಗಲಿ. ಗ್ರಂಥಾಲಯದ ಮಹಡಿ, ಸಂಜೆ ಆರು ಗಂಟೆ. ಕೆಲಸ ಮುಗಿಸಿ ಬರುವ ಹನ್ನೆರಡು ಹೆಂಗಸರು ಇಲ್ಲಿ ಇಂಗ್ಲಿಷ್ ಕಲಿಯುತ್ತಾರೆ. ಕಲಿಸುವವಳು ನಿವೃತ್ತಳಾದ ಟೀಚರ್. ವಾರಕ್ಕೊಂದು ಕ್ರಿಯಾಪದ ಕೊಡುವುದು ಆಕೆಯ ಪದ್ಧತಿ. ಅದನ್ನಿಟ್ಟುಕೊಂಡು ಪ್ರತಿಯೊಬ್ಬರೂ ತಮ್ಮ ಬದುಕಿನಿಂದ ಎರಡು ವಾಕ್ಯ ಬರೆದು ತರಬೇಕು. ಟೀಚರ್ ಅವನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಾಳೆ.

ಆ ವಾರದ ಕ್ರಿಯಾಪದ 'ಜಾಯಿನ್'. ದರ್ಜಿ ಹೆಂಗಸು ತೋಳನ್ನು ಅಂಗಿಗೆ ಜಾಯಿನ್ ಮಾಡಿದ್ದಳು. ಆಸ್ಪತ್ರೆಯ ಆಯಾ ಕೆಲಸಕ್ಕೆ ಜಾಯಿನ್ ಆಗಿದ್ದಳು. ಕೊನೆಯ ಬೆಂಚಿನ ಕುಂಡದಕ್ಕನ ಪುಸ್ತಕದಲ್ಲಿ ಮಾತ್ರ ಬೇರೆಯೇ ಇತ್ತು. ಗಿಡಗಳ ನರ್ಸರಿಯಲ್ಲಿ ಸಸಿಗಳನ್ನು ಕುಂಡದಿಂದ ಕುಂಡಕ್ಕೆ ಬದಲಾಯಿಸುವುದು ಅವಳ ಕೆಲಸ, ಅದಕ್ಕೇ ಆ ಹೆಸರು. ಅವಳು ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥ ಇಷ್ಟು: 'ನಾನೂ ನನ್ನ ತಂಗಿಯೂ ಒಂದೇ ಕುಂಡದಲ್ಲಿ ಇಂಟರ್‌ಟ್ವೈನ್ ಆದೆವು. ಎಳೆಯಬೇಡಿ, ನೀರಿನಲ್ಲಿ ನೆನೆಸಿ.'

(ನಮ್ಮ ಭಾಷೆ ದೊಡ್ಡ ಮನಸ್ಸಿನದು. ಎಂಥ ಇಂಗ್ಲಿಷ್ ಕ್ರಿಯಾಪದ ಬಾಗಿಲಿಗೆ ಬಂದರೂ ಒಂದು 'ಆಗು' ಕೊಟ್ಟು ಒಳಗೆ ಕರೆದುಕೊಳ್ಳುತ್ತದೆ. 'ಹೆಣೆದುಕೊಂಡೆವು' ಎಂದು ನಾನು ಬರೆಯಬಹುದಿತ್ತು. ಆದರೆ ಆ ಹೆಂಗಸು ಕಷ್ಟಪಟ್ಟು ದಕ್ಕಿಸಿಕೊಂಡ ಪದವನ್ನು ಇನ್ನೊಮ್ಮೆ ಕಿತ್ತುಕೊಳ್ಳಲು ಕೈ ಬರಲಿಲ್ಲ.)

ಟೀಚರ್ ಪುಸ್ತಕ ಮೇಲೆತ್ತಿ ಕೇಳಿದಳು:

"ಏನಮ್ಮಾ, ಇದನ್ನ ಯಾವ ಪುಸ್ತಕದಿಂದ ಇಳಿಸಿದ್ದು?"

"ಇಳಿಸಿಲ್ಲ ಟೀಚರ್. ನಾನೇ ಬರೆದಿದ್ದು."

"ನಿಮಗೆ 'ಜಾಯಿನ್' ಸ್ಪೆಲ್ಲಿಂಗೇ ಹೋದ ವಾರ ಬರ್ತಿರಲಿಲ್ಲ. ಈ ವಾರ ಇಂಟರ್‌ಟ್ವೈನ್! ಪದ ಏನು ಕುಂಡದಲ್ಲಿ ಮೊಳೀತಾ?"

ಟೀಚರ್ ನಕ್ಕಳು, ತರಗತಿಯೂ ನಕ್ಕಿತು. ಟೀಚರ್ ಎರಡೂ ವಾಕ್ಯಗಳ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಕಾಪಿ' ಎಂದು ಬರೆದಳು. ಕುಂಡದಕ್ಕ ಪುಸ್ತಕ ತೆಗೆದುಕೊಂಡು ಎದೆಗವಚಿ ಕೂತಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

೨ (ಹೊಡೆದು ಹಾಕಿದ್ದು)

ಈ ಭಾಗದಲ್ಲಿ ಕುಂಡದಕ್ಕ ನಿಜವಾಗಿಯೂ ಕಾಪಿ ಹೊಡೆದಿದ್ದಳು. ಟೀಚರಿಗೆ ಎಷ್ಟು ಹಾಯೆನಿಸಿತೆಂದರೆ, ಕಥೆ ಅಲ್ಲಿಗೇ ಮುಗಿಯಿತು. ಓದಿ ನೋಡಿದೆ. ನನ್ನ ಅಕ್ಷರವೇ ನನಗೆ ಅಸಹ್ಯವಾಯಿತು.

೩

ಸತ್ಯ ಹೇಳಿದವಳು ದರ್ಜಿ ಹೆಂಗಸು. ಅವಳದು ನರ್ಸರಿಯ ಎದುರಿನ ಅಂಗಡಿ.

"ಆ ಪದ ಕುಂಡದಕ್ಕನ ಕೆಲಸದ ಜಾಗದ ಗೋಡೆ ಮೇಲೇ ಇದೆ ಟೀಚರ್. ಗೊಬ್ಬರದ ಕಂಪನಿಯವ್ರು ಅಂಟಿಸಿಹೋದ ಹಾಳೆ. ಬೇರು ಇಂಟರ್‌ಟ್ವೈನ್ ಆಗಿದ್ರೆ ಎಳೀಬೇಡಿ, ನೆನೆಸಿ ಅಂತ. ಐದು ವರ್ಷ ಅದರ ಕೆಳಗೇ ಕೂತು ಮಣ್ಣು ತುಂಬಿದ್ದಾಳೆ. ಓದೋಕೆ ಬಂದ ಮೇಲೆ ಮೊದಲು ಓದಿದ್ದೇ ಅದನ್ನ. ಅರ್ಥ ಗೊತ್ತಾದ ದಿನ ನಮ್ಮ ಅಂಗಡಿಗೆ ಓಡಿಬಂದು ಹೇಳಿದ್ಲು."

"ತಂಗಿ?"

"ಚಿಕ್ಕಂದಿನಲ್ಲಿ ಇಬ್ಬರನ್ನೂ ಬೇರೆ ಬೇರೆ ಮನೆಗೆ ಸಾಕೋಕೆ ಕೊಟ್ರಂತೆ."

ತರಗತಿಯ ಕೊನೆಗೆ ಪರೀಕ್ಷೆ ಬರೆದು ಸರ್ಟಿಫಿಕೇಟು ಪಡೆದರೆ ಮಾತ್ರ ಕುಂಡದಕ್ಕನಿಗೆ ನರ್ಸರಿಯ ಕೌಂಟರಿನಲ್ಲಿ ಕುಳಿತು ಮಾಡುವ ಕೆಲಸ. ಇಲ್ಲದಿದ್ದರೆ ನೋಯುವ ಮೊಣಕಾಲು ಇಟ್ಟುಕೊಂಡು ಮಣ್ಣಿನ ಚೀಲ ಹೊರುತ್ತಲೇ ಇರಬೇಕು. ಪರೀಕ್ಷೆಗೆ ಉಳಿದದ್ದು ಒಂದೇ ವಾರ.

ಇಲ್ಲಿ ಟೀಚರ್ ನನ್ನ ಪೆನ್ನು ಹಿಡಿದುಕೊಂಡಳು.

"ನಾನು ಇಷ್ಟು ವರ್ಷ ಎಷ್ಟು ಜನಕ್ಕೆ ಪುಕ್ಕಟೆ ಕಲಿಸಿದ್ದೀನಿ, ಅದನ್ನೂ ಒಂದು ಸಾಲು ಹಾಕಿ."

"ಹಾಕಲ್ಲ."

"ಹಾಗಾದ್ರೆ ನೀವು ಯಾವತ್ತೂ ಯಾರನ್ನೂ ಅನುಮಾನಿಸಿಲ್ಲ ಅಂತಾದ್ರೂ ಹಾಕಿ, ನೋಡೋಣ."

(ನಾನು ಮುಂದಿನ ಅಂಕಿ ಬರೆದೆ.)

೪

ಗಿಡ ಕೊಳ್ಳುವ ನೆಪ ಮಾಡಿಕೊಂಡು ಟೀಚರ್ ನರ್ಸರಿಗೆ ಹೋದಳು. ಹಾಳೆ ಗೋಡೆಯ ಮೇಲಿತ್ತು, ಮೂಲೆ ಹರಿದಿತ್ತು. ಅದರ ಕೆಳಗೆ ಕುಂಡದಕ್ಕ ಎರಡು ಸಸಿಗಳನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಬೇರಿನಿಂದ ಬೇರನ್ನು ಬೆರಳ ತುದಿಯಲ್ಲಿ ಬಿಡಿಸುತ್ತಿದ್ದಳು.

"ಅಯ್ಯೋ, ಟೀಚರ್! ಬಿಸಿಲಲ್ಲಿ ಯಾಕೆ ನಿಂತ್ರಿ?" ಎನ್ನುತ್ತ ಎದ್ದು, ತಾನು ಕೂತಿದ್ದ ಸ್ಟೂಲನ್ನೇ ಸೆರಗಿನಿಂದ ಒರೆಸಿ ನೆರಳಿಗೆ ಸರಿಸಿದಳು. ಕೆಂಪು ಗೆರೆಯ ಮಾತೇ ಎತ್ತಲಿಲ್ಲ. ಒಂದು ಮಾತು ಬೈದಿದ್ದರೆ ಟೀಚರಿಗೆ ಉಸಿರಾಡಲು ಆಗುತ್ತಿತ್ತು. ಆ ಸ್ಟೂಲಿನ ಮೇಲೆ ಆಕೆ ಕೂತದ್ದು ಮುಳ್ಳಿನ ಮೇಲೆ ಕೂತ ಹಾಗೆ.

ಮುಕ್ತಾಯ ಅ: ಟೀಚರ್ ಕ್ಷಮೆ ಕೇಳುತ್ತಾಳೆ, ಇಬ್ಬರೂ ತಬ್ಬಿಕೊಂಡು ಅಳುತ್ತಾರೆ.

ಕುಂಡದಕ್ಕ ಒಪ್ಪಲಿಲ್ಲ. "ನಾನು ಅಳಲ್ಲಮ್ಮ. ಕೈ ತುಂಬ ಮಣ್ಣು, ಕಣ್ಣೊರೆಸ್ಕೊಳ್ಳೋದು ಹೆಂಗೆ?"

ಮುಕ್ತಾಯ ಆ: ಟೀಚರ್ ಚೀಲದಿಂದ ಸರ್ಟಿಫಿಕೇಟು ತೆಗೆದು ಕೈಗಿಡುತ್ತಾಳೆ.

"ಪರೀಕ್ಷೆ ಬರೀದೆ ತಗೊಂಡ್ರೆ ಆಗ ನಿಜವಾಗ್ಲೂ ಕಳ್ಳಿ ಆಗ್ತೀನಿ ಟೀಚರ್."

ಮುಕ್ತಾಯ ಇ ಎಂದು ಬರೆದು ನಾನು ಪೆನ್ನು ಕೆಳಗಿಟ್ಟೆ. ಕುಂಡದಕ್ಕನೇ ಬೇರು ಬಿಡಿಸುತ್ತ, ತಲೆಯೆತ್ತದೆ ಟೀಚರಿಗೆ ಹೇಳಿದಳು:

"ಇಲ್ಲಿ, ಗಿಡಗಳ ಮುಂದೆ, ತಪ್ಪಾಯ್ತು ಅಂದ್ರೆ ಏನು ಬಂತು? ಅವತ್ತು ಎಲ್ಲರೆದುರು ಅಂದ್ರಿ. ಎಲ್ಲರೆದುರೇ ಹೇಳಿ."

"ನೀವು ಬರ್ತೀರಾ?"

"ಅದನ್ನ ಕೇಳ್ಬೇಡಿ. ನಾನು ಬಂದ್ರೆ ಹೇಳ್ತೀನಿ, ಇಲ್ದಿದ್ರೆ ಇಲ್ಲ ಅನ್ನೋ ಹಾಗಿದ್ರೆ, ಹೇಳೋದೇ ಬೇಡ."

೬

(ಐದನ್ನು ಬಿಟ್ಟಿದ್ದೇನೆ. ಅದರಲ್ಲಿ ಟೀಚರಿಗೆ ಜ್ವರ ಬಂದು ತರಗತಿ ತಪ್ಪಿತ್ತು. ಜ್ವರ ಬರಿಸಿದವಳು ನಾನು.)

ತರಗತಿ ತುಂಬಿದೆ, ಕೊನೆಯ ಬೆಂಚೊಂದು ಬಿಟ್ಟು. ಟೀಚರ್ ಹಾಜರಿ ಕರೆಯಲಿಲ್ಲ. ಮೇಜಿಗೆ ಕೈಯೂರಿ ನಿಂತಳು.

"ಹೋದ ತಿಂಗಳು ನಾನು ಒಬ್ಬರನ್ನ ಕಳ್ಳಿ ಅಂದೆ. ಅವರು ಕದ್ದಿರಲಿಲ್ಲ. ಕೈಗೆ ಮಣ್ಣು ಮೆತ್ತಿಕೊಂಡವರಿಗೆ ಅಂಥಾ ಪದ ಎಲ್ಲಿಂದ ಬರಬೇಕು ಅಂತ ಅಂದ್ಕೊಂಡಿದ್ದೆ. ಅದು ಅವರ ಕೆಲಸದ್ದೇ ಪದ. ನನಗೆ ಬರೀ ಡಿಕ್ಷನರಿಯಲ್ಲಿ ಗೊತ್ತಿತ್ತು."

ಆಸ್ಪತ್ರೆಯ ಆಯಾ ತಲೆ ತಗ್ಗಿಸಿದಳು. ಯಾರೋ ಕೆಮ್ಮಿದರು. ದರ್ಜಿ ಹೆಂಗಸು ಎದ್ದು ನಿಂತಳು.

"ನಾವೂ ನಕ್ಕಿದ್ವಿ ಟೀಚರ್," ಎಂದಳು. "ಹಾಳೆ ಅಲ್ಲಿದೆ ಅಂತ ನನಗೆ ಗೊತ್ತಿತ್ತು. ಆದ್ರೂ ನಕ್ಕೆ."

ನಾನು ಬರೆದು ಕೊಟ್ಟ ಮಾತಲ್ಲ ಇದು. ಟೀಚರ ನಾಚಿಕೆ ಆಕೆಯೊಬ್ಬಳದೇ ಎಂದುಕೊಂಡು ಇಲ್ಲಿಯವರೆಗೆ ಎಳೆದು ತಂದಿದ್ದೆ. ಈಗ ಅದು ಯಾರಲ್ಲಿ ಶುರುವಾಗಿ ಯಾರಲ್ಲಿ ಮುಗಿಯುತ್ತದೋ ಬಿಡಿಸಲಾರೆ.

ಕುಂಡದಕ್ಕ ಬಂದಳೇ, ಪರೀಕ್ಷೆ ಬರೆದಳೇ ಎಂದು ನೀವು ಕೇಳುತ್ತೀರಿ. ಬಂದಳು ಎಂದರೆ ಟೀಚರಿಗೆ ಕ್ಷಮೆ ಸಿಕ್ಕಿತು ಎಂದು ಪುಸ್ತಕ ಮುಚ್ಚುತ್ತೀರಿ. ಬರಲಿಲ್ಲ ಎಂದರೆ ತಕ್ಕ ಶಾಸ್ತಿಯಾಯಿತು ಎಂದು ಮುಚ್ಚುತ್ತೀರಿ. ಎರಡಕ್ಕೂ ನಾನು ಕುಂಡದಕ್ಕನನ್ನೇ ಮೆಟ್ಟಿಲು ಹತ್ತಿಸಿ ಇಳಿಸಬೇಕು. ಆ ಮೊಣಕಾಲಿಗೆ ನನ್ನಿಂದ ಅಷ್ಟೂ ತೊಂದರೆ ಬೇಡ.

ದರ್ಜಿ ಹೆಂಗಸು ಇನ್ನೂ ಕೂತಿಲ್ಲ. ಅವಳ ಪಕ್ಕದವಳು ಏಳುತ್ತಿದ್ದಾಳೆ, ಏನೋ ಹೇಳುವುದಿದೆ.