ದಾರಕ್ಕೆ ಕಟ್ಟಿದ ಚಕ್ಕೆ

ಅಡುಗೆಮನೆಯ ಕಿಟಕಿಯ ಸರಳಿಗೆ ಒಂದು ಬಿಳಿಯ ದಾರ, ದಾರದ ತುದಿಗೆ ಬೆರಳುದ್ದದ ದಾಲ್ಚಿನ್ನಿ ಚಕ್ಕೆ. ಗಾಳಿ ಬೀಸಿದಾಗ ಅದು ಸರಳಿಗೆ ಬಡಿದು ‘ಟಿಕ್’ ಎನ್ನುತ್ತಿತ್ತು. ಅಜ್ಜಿಯ ಮನೆ ಎಂದರೆ ಇಂದಿಗೂ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಅದೇ. ಊರಿನವರ ಕಿಟಕಿಗಳಲ್ಲಿ ಬಟ್ಟೆ ಒಣಗುತ್ತಿದ್ದರೆ ನಮ್ಮ ಕಿಟಕಿಯಲ್ಲಿ ಮಸಾಲೆ ಒಣಗುತ್ತಿತ್ತು.

ಚಕ್ಕೆಯ ಮೇಲೆ ಅಜ್ಜಿಗಿದ್ದ ಅಕ್ಕರೆ ಸಕ್ಕರೆಯ ಮೇಲೂ ಇರಲಿಲ್ಲ. ಆ ವಿಷಯದಲ್ಲಿ ಆಕೆಗೆ ಒಂದು ಸಿದ್ಧಾಂತವೇ ಇತ್ತು. ಅದನ್ನು ನಾನು ಮೂಗಿನಲ್ಲಿ ಮಾತಾಡಿ, ಸೆರಗು ಸಿಕ್ಕಿಸಿಕೊಂಡ ಅಭಿನಯದೊಂದಿಗೆ ಕಾಲೇಜಿನ ಗೆಳೆಯರಿಗೆಲ್ಲ ಒಪ್ಪಿಸಿದ್ದೆ: “ಕಾದ ಎಣ್ಣೆಗೆ ಚಕ್ಕೆ ಎಸೀಬಾರದು ಕಣೋ, ಸೀದು ಕಹಿಯಾಗತ್ತೆ. ಎಣ್ಣೆ ಬೆಚ್ಚಗಾಗ್ತಿದ್ದ ಹಾಗೇ ಬಿಡಬೇಕು. ಅದು ಮೈಮುರಿದೆದ್ದು ಘಮ್ ಅಂದಮೇಲೆ ಅಕ್ಕಿ. ಅಕ್ಕಿ ಅರಳ್ತಿದ್ದ ಹಾಗೇ ಚಕ್ಕೆ ಆಚೆ! ಚಕ್ಕೆ ಅಂದ್ರೆ ಅಳಿಯ ಇದ್ದ ಹಾಗೆ. ಬರಬೇಕು, ಘಮಘಮ ಅನ್ನಿಸ್ಕೋಬೇಕು, ಹೊರಟುಬಿಡಬೇಕು. ಅಲ್ಲೇ ಠಿಕಾಣಿ ಹೂಡಿದ್ರೆ ಕಹಿ.”

ಹಾಗೆ ಆಚೆ ತರುವುದಕ್ಕೇ ದಾರ. ಬಾವಿಯಿಂದ ಕೊಡ ಸೇದುವಂತೆ ಅಜ್ಜಿ ಪಾತ್ರೆಯಿಂದ ಚಕ್ಕೆಯನ್ನು ಸೇದುತ್ತಿದ್ದಳು. ಸಿದ್ಧಾಂತ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸೇದಿದ ಚಕ್ಕೆಯನ್ನು ತೊಳೆದು, ಒಣಗಿಸಿ, ಮುಂದೆ ಸಾಗುವಿಗೆ, ಅದರ ಮುಂದೆ ಕಷಾಯಕ್ಕೆ ಹಾಕುತ್ತಿದ್ದಳು. ಪಾಪ, ಆ ಚಕ್ಕೆಗೆ ಪುನರ್ಜನ್ಮವಿತ್ತೇ ಹೊರತು ಮೋಕ್ಷವಿರಲಿಲ್ಲ. ಧಾರಾಳವಿಲ್ಲದ ಮನೆಯಲ್ಲಿ ದಾರ ಇರುತ್ತದೆ ಎಂದು ನಾನೇ ಹಾಸ್ಯ ಮಾಡುತ್ತಿದ್ದೆ.

ಊರಿನವರು ಮಾಡುತ್ತಿದ್ದದ್ದು ಮಾತ್ರ ಹಾಸ್ಯವಲ್ಲ. ನನ್ನ ತಾಯಿಯ ಕೊನೆಯ ತಂಗಿ ಮಂದಾಕಿನಿ ಚಿಕ್ಕಮ್ಮನನ್ನು ನೋಡಲು ಬಂದವರು ಹೆಣ್ಣನ್ನು ಒಪ್ಪಿ, ಕಿಟಕಿಯನ್ನು ಕಂಡು ಹಿಂದಿರುಗಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಚಿಕ್ಕಮ್ಮನಿಗೆ ಮೂವತ್ತು ದಾಟಿತ್ತು. “ನಂಗೆ ಒಡವೆ ಬೇಡ, ಸೀರೆ ಬೇಡ ಕಣೋ,” ಎನ್ನುತ್ತಿದ್ದಳು ನನ್ನ ಬಳಿ. “ನಂದು ಅಂತ ಒಂದು ಒಲೆ ಬೇಕು. ಕೈತುಂಬ ಚಕ್ಕೆ ಹಾಕಿ ಒಂದು ಪಲಾವು ಮಾಡಬೇಕು. ದಾರ ಇಲ್ದೆ.”

ಅಂಥ ಹೊತ್ತಿನಲ್ಲಿ ಬಂದದ್ದು ದವಾಖಾನೆಯ ಕಾಂಪೌಂಡರ್ ಶ್ರೀಪಾದರಾಯರ ಸಂಬಂಧ. ತಾಯಿಯಿಲ್ಲದ ಅವರನ್ನು ಸಾಕಿದವರು ಅಕ್ಕ ತಿರುಮಲಮ್ಮ. ಆ ಮನೆಯಲ್ಲಿ ಕೊನೆಯ ಮಾತು ಅಕ್ಕನದು. ತಮ್ಮನಿಗೆ ಮೊದಲ ಮಾತೂ ಇರಲಿಲ್ಲ. ಹೆಣ್ಣು ನೋಡಲು ಬಂದ ದಿನ ಅವರು ತುಟಿ ಬಿಚ್ಚಲಿಲ್ಲ. ಆದರೂ ಚಿಕ್ಕಮ್ಮ, “ಕಣ್ಣಲ್ಲಿ ನಗು ಇದೆ ಕಣೋ ಅವರಿಗೆ,” ಎಂದು ಹೇಳಿ ಕೆಂಪಾದಳು. ಊಟಕ್ಕೆ ಬಂದು ಮಾತು ಮುಗಿಸುತ್ತೇವೆ ಎಂದು ತಿರುಮಲಮ್ಮ ಹೇಳಿಕಳಿಸಿದಾಗ ಚಿಕ್ಕಮ್ಮ ಮೊದಲು ಮಾಡಿದ ಕೆಲಸವೆಂದರೆ ಕಿಟಕಿಗೆ ಪರದೆ ಎಳೆದದ್ದು.

ಊಟದ ದಿನ ಅಜ್ಜಿ ಅತಿಥಿಗಳ ಜೊತೆ ಹಜಾರದಲ್ಲಿ ಕೂರಬೇಕಾಯಿತು. ಯಾವಾಗಲೂ ಚಕ್ಕೆ ಸೇದುವ ಕೈ ಅಂದು ಒಲೆಯ ಬಳಿ ಇರಲಿಲ್ಲ. ಇತ್ತ ಚಿಕ್ಕಮ್ಮ, ದಾರ ಯಾರ ಕಣ್ಣಿಗೂ ಬೀಳದಿರಲೆಂದು ಅದರ ತುದಿಯನ್ನು ಪಲಾವಿನ ಪಾತ್ರೆಯೊಳಕ್ಕೇ ಮಡಚಿಟ್ಟು ಮುಚ್ಚಳ ಮುಚ್ಚಿದಳು. ಯಾರ ಕಣ್ಣಿಗೂ ಬೀಳಲಿಲ್ಲ, ಅವಳ ಕಣ್ಣಿಗೂ ಬೀಳಲಿಲ್ಲ.

ನಾನೂ ಅಮ್ಮನೂ ಎಲೆ ಹಾಕಿದೆವು. ನಾನು ತುಪ್ಪ ಬಡಿಸುತ್ತಿದ್ದೆ. ತಿರುಮಲಮ್ಮ ಪಲಾವು ಕಲಸಹೋದವರು ಕೈ ನಿಲ್ಲಿಸಿದರು. ಬೆರಳ ತುದಿಗೆ ಏನೋ ಸಿಕ್ಕಿತ್ತು. ಎಳೆದರು, ಬಂತು. ಇನ್ನೂ ಎಳೆದರು, ಇನ್ನೂ ಬಂತು. ಕೊನೆಗೆ ಕೈ ಮೇಲೆತ್ತಿದಾಗ ಅವರ ಮೂಗಿನ ಮುಂದೆ, ಕಿಟಕಿಯಲ್ಲಿ ತೂಗುತ್ತಿದ್ದ ಹಾಗೆಯೇ, ಚಕ್ಕೆ ತೂಗುತ್ತಿತ್ತು.

ಚಿಕ್ಕಮ್ಮ ಸೌಟು ಹಿಡಿದೇ ಒಂದು ಹೆಜ್ಜೆ ಹಿಂದೆ ಸರಿದಳು.

“ಇದಕ್ಕೆ ಇದು ಎಷ್ಟನೇ ಒಲೆ?” ಎಂದರು ತಿರುಮಲಮ್ಮ.

“ಹೊಸದು,” ಎಂದಳು ಅಜ್ಜಿ.

ತಿರುಮಲಮ್ಮ ಮೂಸಿದರು. “ಸುಳ್ಳು ಹೇಳ್ಬೇಡಿ. ಅಂಚು ನುಣುಪಾಗಿದೆ.”

“ಎರಡನೇದು,” ಅಜ್ಜಿಯ ದನಿ ನೆಲಕ್ಕಿಳಿಯಿತು.

“ಎರಡಕ್ಕೇ ಬೀಗರ ಊಟಕ್ಕೆ ತಂದುಬಿಟ್ರಾ? ನಮ್ಮನೇಲಾಗಿದ್ರೆ ಇನ್ನೂ ನಾಲ್ಕು ಹಬ್ಬ ಕಾಣ್ತಿತ್ತು! ಮತ್ತೆ ಇದೇನು, ದಾರ? ದಾರ ಎಣ್ಣೆ ಕುಡಿಯತ್ತಲ್ರೀ. ನಾವು ತಾಮ್ರದ ತಂತಿ ಕಟ್ತೀವಿ.”

ಅಜ್ಜಿ ಮುಂದಕ್ಕೆ ಬಾಗಿದಳು. “ತಂತೀನಾ? ನಂಗೆ ಹೊಳೀಲೇ ಇಲ್ಲ ನೋಡಿ!”

ಆಮೇಲೆ ಕೇಳಬೇಕೆ? ಕಳೆದುಹೋದ ಅಕ್ಕತಂಗಿಯರು ಜಾತ್ರೆಯಲ್ಲಿ ಸಿಕ್ಕಂತಾಯಿತು. ಏಲಕ್ಕಿ ಸಿಪ್ಪೆಯನ್ನು ಚಹಾಪುಡಿಯಲ್ಲಿ ಹೂತಿಡುವುದು, ಲವಂಗದ ಮೊಗ್ಗು ಬೇರೆ, ಕಡ್ಡಿ ಬೇರೆ ಮಾಡುವುದು... ತಿರುಮಲಮ್ಮ ಚಕ್ಕೆಯನ್ನು ಎಲೆಯ ಅಂಚಿಗಿಟ್ಟು, “ತೊಳೆದಿಡಿ ಇದನ್ನ. ಮದುವೆಯ ಸಾಗುವಿಗಾಗತ್ತೆ,” ಎಂದೇಬಿಟ್ಟರು. ಸಂಬಂಧ ಕುದುರಿತ್ತು. ಅಮ್ಮ ಕಣ್ಣೊರೆಸಿಕೊಂಡಳು. ನಾನು ಮಾತ್ರ ಚಿಕ್ಕಮ್ಮನ ಮುಖ ನೋಡುತ್ತಿದ್ದೆ. ದಾರದ ಮನೆಯಿಂದ ತಂತಿಯ ಮನೆಗೆ ಹೊರಟವಳ ಮುಖ ಅದು.

ಆಗ ಶ್ರೀಪಾದರಾಯರ ಕೈ ಚಾಚಿತು. ಅಕ್ಕನ ಎಲೆಯಂಚಿನ ಚಕ್ಕೆಯನ್ನು ತೆಗೆದುಕೊಂಡು, ಗಂಟು ಬಿಚ್ಚಿ, ದಾರವನ್ನು ಪಕ್ಕಕ್ಕಿಟ್ಟು, ಚಕ್ಕೆಯನ್ನು ಬಾಯಿಗಿಟ್ಟುಕೊಂಡರು. ಕಟಕ್.

“ಅಯ್ಯೋ, ಎಂಜಲು ಕಣೋ!” ಎಂದರು ತಿರುಮಲಮ್ಮ.

“ನಿನ್ನ ಕೈತುತ್ತಲ್ಲೇ ಬೆಳೆದೋನಲ್ವೇನಕ್ಕ ನಾನು?” ಎಂದರು ಅವರು, ಅಗಿಯುತ್ತಲೇ. ನಾವು ಕೇಳಿದ ಅವರ ಮೊದಲ ಮಾತು. ಗದ್ದಲವಿಲ್ಲದ, ಮೆತ್ತನೆಯ ದನಿ. ಎಷ್ಟು ಪ್ರಯತ್ನಿಸಿದರೂ ಅದರ ಅನುಕರಣೆ ನನಗೆ ಸಾಧ್ಯವಾಗಿಲ್ಲ. ಹಜಾರದಲ್ಲಿ ಕಟಕ್ ಕುಟುಕ್ ಎಂಬುದೊಂದೇ ಸದ್ದು. ಇಬ್ಬರು ಹಿರಿಯ ಹೆಂಗಸರೂ, ಕಣ್ಣೆದುರೇ ನಾಲ್ಕು ಹಬ್ಬಗಳು ನುಚ್ಚಾಗುವುದನ್ನು ಬಾಯಿಬಿಟ್ಟು ನೋಡಿದರು.

ನುಂಗಿ ಮುಗಿಸಿ ಅವರು ತಲೆಯೆತ್ತಿದರು. ಅಜ್ಜಿಯ ಕಡೆಗಲ್ಲ, ಅಕ್ಕನ ಕಡೆಗೂ ಅಲ್ಲ.

“ಪಲಾವು ಇನ್ನೊಂದು ಸಲ ಮಾಡ್ತೀರಾ? ನಿಮಗೆ ಹೇಗೆ ಬೇಕೋ ಹಾಗೆ.”

“ಹೊತ್ತಾಗತ್ತೆ,” ಎಂದಳು ಚಿಕ್ಕಮ್ಮ.

“ಆಗಲಿ.”

ಚಿಕ್ಕಮ್ಮ ಸೌಟು ಕೆಳಗಿಟ್ಟು ಅಜ್ಜಿಯ ಮುಂದೆ ಅಂಗೈ ಒಡ್ಡಿದಳು. ಮಸಾಲೆ ಡಬ್ಬಿಯ ಬೀಗದ ಕೈ ಇದ್ದದ್ದು ಅಜ್ಜಿಯ ಸೊಂಟದಲ್ಲಿ. ಅಜ್ಜಿ ತಿರುಮಲಮ್ಮನವರನ್ನು ನೋಡಿದಳು. ತಿರುಮಲಮ್ಮ ತಮ್ಮನನ್ನು ನೋಡಿದರು. ಬಹಳ ಹೊತ್ತು ನೋಡಿ, “ಕೊಟ್ಟುಬಿಡಿ,” ಎಂದರು.

ಒಳಗೆ ಚಕ್ಕೆ ಮುರಿಯುವ ಸದ್ದು ಕೇಳಿತು. ಮತ್ತೆ ಕೇಳಿತು. ಪ್ರತಿ ಸದ್ದಿಗೂ ಅಜ್ಜಿ ಕಣ್ಣು ಮುಚ್ಚಿಕೊಂಡಳು. ನಿಧಾನವಾಗಿ ಘಮ ಹಜಾರಕ್ಕೆ ಬಂತು. ಶ್ರೀಪಾದರಾಯರು ಬರಿದಾದ ಎಲೆಯ ಮುಂದೆ, ಒಣಗುತ್ತಿದ್ದ ಬಲಗೈಯನ್ನು ಹಾಗೆಯೇ ಹಿಡಿದುಕೊಂಡು, ಕದಲದೆ ಕೂತಿದ್ದರು.