ಕುಕ್ಕಪ್ಪನ ಆನೆ ಸುದ್ದಿ

ಗುತ್ತಿಗಾರಿನ 'ಆನೆ ಸುದ್ದಿ' ವಾಟ್ಸ್ಆ್ಯಪ್ ಗುಂಪಿಗೆ ಶೀಲಾವತಿ ಅಡ್ಮಿನ್. ಅದರ ನಿಯಮ ಬರೆದವಳೂ ಅವಳೇ: "ಗುಡ್ ಮಾರ್ನಿಂಗ್, ಥ್ಯಾಂಕ್ಸ್ ಯಾವುದೂ ಬೇಡ. ಆನೆ ಎಲ್ಲುಂಟು, ಅಷ್ಟೇ." ಕಾರಣವಿಲ್ಲದೆ ಬರೆದದ್ದಲ್ಲ. ಒಮ್ಮೆ ನಲವತ್ತು ಕೈಮುಗಿದ ಚಿತ್ರಗಳ ನಡುವೆ ಆನೆಯ ಸುದ್ದಿಯೇ ಹೂತುಹೋಗಿ, ಡೈರಿಗೆ ಹಾಲು ಕೊಂಡುಹೋಗುತ್ತಿದ್ದವರೊಬ್ಬರು ಕ್ಯಾನು ಬಿಸಾಡಿ ಓಡಿದ್ದರು.

ಸುದ್ದಿ ಕೊಡುತ್ತಿದ್ದವನು ಕುಕ್ಕಪ್ಪ. ಬೆಳಗಿನ ಐದಕ್ಕೆ ಹಣೆಗೆ ಲೈಟು ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೋಗುವವನು. ಕಾಡಿನ ಅಂಚಿನಲ್ಲಿ ಲದ್ದಿ ಬಿಸಿಯಿದೆಯೇ, ಆನೆ ತಿನ್ನುವ ಬೈನೆ ಮರ ಮುರಿದದ್ದು ಹಸಿಯೇ ಎಂದು ನೋಡಿ, ಏದುಸಿರಿನಲ್ಲೇ ಮಾತಾಡಿ ಕಳಿಸುತ್ತಿದ್ದ: "ತಿರುವಿನ ಹತ್ತಿರ ಉಂಟು ಮಾರಾಯ್ರೆ, ಮಕ್ಕಳನ್ನು ಏಳು ಗಂಟೆ ಮೇಲೆ ಕಳಿಸಿ." ಹೀಗೆ ಎರಡು ವರ್ಷ. ಇನ್ನೂರು ಮನೆ ಕೇಳುತ್ತಿತ್ತು, ಯಾರೂ ಹೂಂ ಅನ್ನುತ್ತಿರಲಿಲ್ಲ. ಅದೇ ಸುದ್ದಿಯನ್ನು ಅವನು ಮನೆಗೆ ಬಂದು ಹೇಳಿದ್ದರೆ, ಬೆಲ್ಲ ನೀರು ಕೊಡದೆ ಅಂಗಳ ಇಳಿಯಲು ಬಿಡುವ ಜನವಲ್ಲ ಅದು.

ಕಳೆದ ತಿಂಗಳು ಒಂದು ದಿನ ಅವನು ಹೇಳಿದಲ್ಲಿ ಆನೆ ಇರಲಿಲ್ಲ. ದಾಟಿ ಹೋಗಿತ್ತು. ಕಾದು ಕಾದು ಬಸ್ಸು ತಪ್ಪಿಸಿಕೊಂಡ ತ್ಯಾಂಪಣ್ಣ ಬರೆದರು: "ಎಂತ ಕುಕ್ಕಪ್ಪ, ಕಂಡದ್ದು ಆನೆಯಾ, ನಿನ್ನೆಯ ಶೇಂದಿಯಾ?"

ಕೆಳಗೆ ಮೂವತ್ತೊಂದು ನಗುವ ಮುಖಗಳು. ನಗಬಾರದೆಂದು ನಿಯಮದಲ್ಲಿ ಇರಲಿಲ್ಲವಲ್ಲ. ಶೀಲಾವತಿ ಏನೋ ಬರೆಯಹೊರಟಳು. ಕುಕ್ಕರ್ ಕೂಗಿತು, ಎದ್ದು ಹೋದಳು. ತಿರುಗಿ ಬಂದು ನೋಡುವಾಗ ಕುಕ್ಕಪ್ಪ ಗುಂಪು ಬಿಟ್ಟಿದ್ದ.

ಶೀಲಾವತಿಯ ಮಗಳು ಭವಿತಾ ದಿನಾ ಆರೂವರೆಗೆ ಕಾಲೇಜಿನ ಬಸ್ಸಿಗೆ ಆ ತಿರುವು ದಾಟಬೇಕು. ಮೂರು ವಾರ ಜೀವ ಕೈಯಲ್ಲಿ ಹಿಡಿದುಕೊಂಡಿದ್ದು, ಕೊನೆಗೆ ಶೀಲಾವತಿ ಕುಕ್ಕಪ್ಪನ ಮನೆಗೇ ಹೋದಳು. ಅವನ ಹೆಂಡತಿ ಸೀತು ಮೊದಲು ಬೆಲ್ಲ, ನೀರು ತಂದಿಟ್ಟಳು. ಶೀಲಾವತಿ ಲೋಟ ಎತ್ತಿ ಹಾಗೇ ಕೆಳಗಿಟ್ಟಳು.

"ತಪ್ಪು ನಮ್ಮದೇ ಕುಕ್ಕಪ್ಪ. ಪುನಃ ಸೇರಿಸ್ತೇನೆ ನಿನ್ನನ್ನು."

"ಕೋಪ ಎಂತ ಇಲ್ಲ ಅಕ್ಕ," ಎಂದ ಅವನು, ನೆಲ ನೋಡಿಕೊಂಡು. "ಯಾರೂ ಕೇಳುದೇ ಇಲ್ಲ ಅಂತ ಗ್ರಹಿಸಿದ್ದೆ ನಾನು. ನಗಾಡಿದ ಮೇಲೆಯೇ ಗೊತ್ತಾದ್ದು, ಎಲ್ಲರೂ ಕೇಳ್ತಾ ಇದ್ರು ಅಂತ."

"ನನ್ನ ಮಗಳು ನಿನ್ನ ಸ್ವರ ಕೇಳಿಯೇ ಚಪ್ಪಲಿ ಹಾಕುದು."

"ಅದನ್ನು ಒಂದು ದಿನ ಹೇಳಿದ್ದರೆ... ಈಗ ನನಗೆ ಕೆಲಸ ಇಚಿಲಂಪಾಡಿಯಲ್ಲಿ. ನಾಲ್ಕೂವರೆಗೆ ಜೀಪು ಬರ್ತದೆ. ಆ ಕಾಡಿನ ದಾರಿ ಈಗ ನಾನೇ ನೋಡುದಿಲ್ಲ ಅಕ್ಕ."

ಸಂಜೆ ಶೀಲಾವತಿ ನಿಯಮ ಅಳಿಸಿದಳು. ಎರಡು ವರ್ಷ ಕುಕ್ಕಪ್ಪ ಮಾಡಿದ್ದನ್ನೆಲ್ಲ ಬರೆದು, ಉಪಕಾರವಾಯಿತು ಎಂದಳು. ಬೆಳಗಾಗುವಾಗ ಕೈಮುಗಿದ ಚಿತ್ರಗಳು ನೂರು ದಾಟಿದ್ದವು, ತ್ಯಾಂಪಣ್ಣನದೂ ಸೇರಿ. ಒಂದೂ ಕುಕ್ಕಪ್ಪನಿಗೆ ಮುಟ್ಟುವಂಥದ್ದಲ್ಲ. ಅವನು ಗುಂಪಿನಲ್ಲೇ ಇಲ್ಲವಲ್ಲ.

ಭವಿತಾ ಚಪ್ಪಲಿ ಕೈಯಲ್ಲಿ ಹಿಡಿದು ಜಗಲಿಯಲ್ಲಿ ನಿಂತಿದ್ದಳು. "ಅಮ್ಮ, ಆನೆ ಎಲ್ಲುಂಟಂತೆ?"

ಶೀಲಾವತಿ ಬೆರಳಿನಿಂದ ಮೇಲೆ ಸರಿಸುತ್ತಲೇ ಇದ್ದಳು. ಮುಗಿದ ಕೈಗಳು, ಮತ್ತೆ ಮುಗಿದ ಕೈಗಳು.

"ನಿಲ್ಲು, ನೋಡ್ತೇನೆ," ಎಂದಳು. ತಿರುವಿನ ಆಚೆ ಬಸ್ಸಿನ ಹಾರ್ನ್ ಕೇಳಿಸಿತು.